ಕುರ್ಚಿಯಲ್ಲಿ ಆಡಿದ ಮಾತು

ಬುದ್ಧಿ ಹೇಳಬೇಡಿ ಎಂದು ಬುದ್ಧಿ ಹೇಳುವುದೇ ಮೇಷ್ಟ್ರ ಉದ್ಯೋಗವಾಗಿತ್ತು. ಕುಡಿತ ಬಿಡಿಸುವವರಿಗೆ, ಜೈಲಿನಲ್ಲಿ ಕೈದಿಗಳನ್ನು ನೋಡಿಕೊಳ್ಳುವವರಿಗೆ ತರಬೇತಿ ಕೊಡುವುದು ಅವರ ಕೆಲಸ. ವರ್ಷಗಟ್ಟಲೆ ಒಂದೇ ಪಾಠ: ಕುಡುಕನಿಗೆ ಕುಡಿಯಬೇಡ ಎನ್ನಬೇಡಿ, ಆ ಮಾತು ಅವನ ಬಾಯಿಂದಲೇ ಬರುವ ಹಾಗೆ ಮಾತಾಡಿಸಿ. ವರ್ಷಗಟ್ಟಲೆ ಒಂದೇ ಫಲ: ವಾರ್ಡರುಗಳು ತಲೆಯಾಡಿಸುತ್ತಾರೆ, ಬರೆದುಕೊಳ್ಳುತ್ತಾರೆ, ಎದುರಿಗೊಬ್ಬ ಕುಡುಕನನ್ನು ಕೂರಿಸಿದ ಕೂಡಲೇ "ನೋಡಪ್ಪ, ಹೆಂಡ್ತಿ ಮಕ್ಕಳ ಮುಖ ನೋಡಿಯಾದ್ರೂ ಬಿಡಬಾರ್ದಾ" ಎಂದು ಶುರು ಮಾಡುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

"ಅವನ ಹೆಂಡ್ತಿ ಹೇಳಿಲ್ವೇನ್ರೀ ಅದನ್ನ?" ಎಂದು ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಿದ್ದರು. "ಹೆಂಡ್ತಿ ಹೇಳಿದಾಳೆ, ಅಮ್ಮ ಹೇಳಿದಾಳೆ, ಜಡ್ಜ್ ಹೇಳಿದಾರೆ. ನೀವು ನಾಲ್ಕನೆಯವರು. ನಿಮ್ಮ ಮಾತಲ್ಲಿ ಏನು ಸಕ್ಕರೆ ಇದೆ?"

ಜೈಲಿನ ಹೊರಗೋಡೆಗೂ ಒಳಗೋಡೆಗೂ ನಡುವೆ ಇದ್ದ ಆ ತರಬೇತಿ ಹಾಲ್ ಹಿಂದೆ ಮರಗೆಲಸದ ಶೆಡ್ ಆಗಿತ್ತು. ಎಷ್ಟು ಸಲ ಸುಣ್ಣ ಹೊಡೆದರೂ ವಾರ್ನಿಷ್ ವಾಸನೆ ಹೋಗಿರಲಿಲ್ಲ. ಪ್ರೊಜೆಕ್ಟರ್ ಎಲ್ಲವನ್ನೂ ನೀಲಿಯಾಗಿ ತೋರಿಸುತ್ತಿತ್ತು. ಮನುಷ್ಯನ ಮೆದುಳೂ ನೀಲಿ, ಲಿವರೂ ನೀಲಿ. ರಿಪೇರಿ ಮಾಡಿಸಿ ಎಂದು ಅಲೆದಲೆದು ಮೇಷ್ಟ್ರ ಚಪ್ಪಲಿ ಸವೆದಿತ್ತು. "ಕಾಣಿಸ್ತಿದೆಯಲ್ಲ ಸರ್" ಎಂಬುದು ಆಫೀಸಿನವರ ಉತ್ತರ. ಜೊತೆಗಿದ್ದ ಇನ್ನೊಬ್ಬ ತರಬೇತುದಾರರು ಡಾಕ್ಟರಮ್ಮ. ಅಪರಾಧಿಗಳ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದು ಆಕೆಯ ವಿಷಯ. ಅದರಲ್ಲಿ ಡಾಕ್ಟರೇಟ್ ಪಡೆದ ತಪ್ಪಿಗೆ, ಕೈದಿಗಳೂ ವಾರ್ಡರುಗಳೂ ಇಬ್ಬರೂ ಆಕೆಯ ಹತ್ತಿರ ತಲೆನೋವಿನ ಮಾತ್ರೆ ಕೇಳುತ್ತಿದ್ದರು. ಆಕೆ ಬೇಸತ್ತು ಒಂದು ಡಬ್ಬಿ ಮಾತ್ರೆ ತಂದಿಟ್ಟುಕೊಂಡಿದ್ದಳು.

ಹಾಲಿನ ನಡುಮಧ್ಯೆ ಒಂದು ಕಬ್ಬಿಣದ ಕುರ್ಚಿ. ಮಾತಾಡಿಸುವುದನ್ನು ಕಲಿಯಬೇಕಾದರೆ ಎದುರಿಗೆ ಒಬ್ಬ ರೋಗಿ ಬೇಕಲ್ಲ. ಆ ರೋಗಿ ಕೂರುವ ಜಾಗ ಅದು. ಮೊದಮೊದಲು ವಾರ್ಡರುಗಳೇ ಸರದಿಯಂತೆ ಕುಡುಕರಾಗಿ ನಟಿಸುತ್ತಿದ್ದರು. ಅದು ಶಾಲೆಯ ವಾರ್ಷಿಕೋತ್ಸವದ ನಾಟಕವಾಗಿ, ಒಬ್ಬ ತೂರಾಡುವುದು, ಉಳಿದವರು ಬಿದ್ದು ಬಿದ್ದು ನಗುವುದು ಆಗುತ್ತಿತ್ತು. ಆಮೇಲೆ ಕುಡಿತ ಬಿಟ್ಟ ಕೈದಿಗಳನ್ನೇ ಒಳಗಿನಿಂದ ಕರೆಸಿ ಕೂರಿಸುವ ಪದ್ಧತಿ ಬಂತು. ಹಾಗೆ ಕೂತ ಒಬ್ಬ ಕೈದಿ ಪಾತ್ರದ ಭರದಲ್ಲಿ ಏನೋ ಅಂದ. ಯಾರೋ ಅದನ್ನು ಆಫೀಸಿಗೆ ಮುಟ್ಟಿಸಿದರು. ಪಾಪ, ಅವನಿಗೆ ಸಿಗಬೇಕಿದ್ದ ಪೆರೋಲ್ ಹೋಯಿತು. ಮೇಷ್ಟ್ರು ಕೆಂಡಾಮಂಡಲವಾದರು. ಜೈಲಿನ ಸಾಹೇಬರ ಜೊತೆ ಹಟ ಹಿಡಿದು ಜಗಳವಾಡಿ ಒಂದು ಕಾನೂನು ಮಾಡಿಸಿದರು. ಆ ಕುರ್ಚಿಯಲ್ಲಿ ಆಡಿದ ಮಾತು ನಾಟಕದ ಮಾತು. ಅದು ಕುರ್ಚಿ ಬಿಟ್ಟು ಎದ್ದುಹೋಗಬಾರದು. ಅದನ್ನು ಯಾರೂ ನಿಜವೆಂದು ಎಣಿಸಬಾರದು, ಎಲ್ಲೂ ಬಾಯಿ ಬಿಡಬಾರದು.

ಒಳ್ಳೆಯ ಕಾನೂನು. ಅದರ ಬಗ್ಗೆ ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆ ಇತ್ತು.

ಆ ಕುರ್ಚಿಯ ಖಾಯಂ ಗಿರಾಕಿ ಮಾವ. ಯಾರೇ ಎದುರು ಬಂದು ಕೂತರೂ "ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ" ಎನ್ನುತ್ತಿದ್ದುದರಿಂದ ಅವನು ಜೈಲಿಗೆಲ್ಲ ಮಾವನಾಗಿಬಿಟ್ಟಿದ್ದ. ಹೊರಗಿದ್ದಾಗ ನಲ್ಲಿ, ಪೈಪು ಕೂರಿಸುವ ಕೆಲಸ ಮಾಡುತ್ತಿದ್ದವನು. ಕುಡಿದ ಅಮಲಿನಲ್ಲಿ ಪಕ್ಕದ ಮನೆಯವನ ಮುಖಕ್ಕೆ ಪೈಪಿನಿಂದ ಹೊಡೆದು, ಆತನ ಒಂದು ಕಣ್ಣು ಹೋಗಿ, ಇಲ್ಲಿಗೆ ಬಂದ. ಬಂದ ಮೇಲೆ ಮೇಷ್ಟ್ರ ಕೈಗೆ ಸಿಕ್ಕ. ಜೈಲಿನೊಳಗೂ ಬೇಕೆಂದವನಿಗೆ ಕಳ್ಳದಾರಿಯಲ್ಲಿ ಎಲ್ಲ ಸಿಗುತ್ತದೆ. ಆದರೂ ಅವನು ಮುಟ್ಟಿರಲಿಲ್ಲ. ಡಾಕ್ಟರಮ್ಮ ಅವನ ಕಿವಿಯಲ್ಲಿ ಎರಡು ಮಾತು ಹೇಳಿದರೆ ಸಾಕು. ಇವತ್ತು ನೀವು ಹೆಂಡ್ತಿ ಕಾಟಕ್ಕೆ ಬಂದವರು, ಇವತ್ತು ನೀವು ತಪ್ಪೇ ಮಾಡಿಲ್ಲ ಅನ್ನೋರು. ಮಾವ ತಲೆಯಾಡಿಸಿ ಕುರ್ಚಿಯಲ್ಲಿ ಕೂತನೆಂದರೆ ಆ ಮನುಷ್ಯನೇ ಬಂದು ಕೂತ ಹಾಗೆ. ಎಷ್ಟೋ ಹೊಸ ವಾರ್ಡರುಗಳು ಅವನೆದುರು ಬೆವರು ಒರೆಸಿಕೊಂಡಿದ್ದಾರೆ. "ನಿಮ್ಮಂಥ ರೋಗಿ ಇನ್ನೊಬ್ಬ ಸಿಗಲ್ಲ ಮಾವ" ಎಂದು ಮೇಷ್ಟ್ರು ಹೇಳಿದಾಗ ಅವನು, "ಏನ್ ಸರ್, ಬೈತಿದೀರೋ ಹೊಗಳ್ತಿದೀರೋ" ಎಂದು ನಕ್ಕಿದ್ದ.

ಆ ಮಾವನಿಗೆ ಶುಕ್ರವಾರ ಬಿಡುಗಡೆ. ಮಂಗಳವಾರ ಈ ತಂಡದ ಪರೀಕ್ಷೆ.

ಪರೀಕ್ಷೆ ಎಂದರೆ ಇಷ್ಟೇ: ಒಬ್ಬೊಬ್ಬರಾಗಿ ಬಂದು ಮಾವನನ್ನು ಮಾತಾಡಿಸಬೇಕು, ಮೇಷ್ಟ್ರು ಮೂಲೆಯಲ್ಲಿ ಕೂತು ಅಂಕ ಹಾಕಬೇಕು. ಯಾವ ಪಾತ್ರವೆಂದು ಅಂಕ ಹಾಕುವವರಿಗೆ ಮೊದಲೇ ಹೇಳುವಂತಿರಲಿಲ್ಲ. ಡಾಕ್ಟರಮ್ಮ ಮಾವನಿಗೆ ಪಾತ್ರ ಹೇಳಿ ಪಕ್ಕದ ಕೋಣೆಗೆ ಹೋಗಿ ಬೇರೊಬ್ಬ ಕೈದಿಯನ್ನು ಕೂರಿಸಿ ಉಳಿದರ್ಧ ತಂಡದ ಪರೀಕ್ಷೆ ನೋಡುತ್ತಿದ್ದಳು. ಬೆಳಗ್ಗಿನಿಂದ ಒಬ್ಬರಾದ ಮೇಲೆ ಒಬ್ಬರು ಬಂದು ಬುದ್ಧಿ ಹೇಳಿ ಹೋದರು. ಒಬ್ಬನಂತೂ ತನ್ನ ಸೋದರತ್ತೆಯ ಮಗ ಕುಡಿದು ಸತ್ತ ಕಥೆಯನ್ನು ಆದ್ಯಂತವಾಗಿ ಹೇಳಿ, ತಾನೇ ಗದ್ಗದಿತನಾಗಿ, ಮಾವನಿಂದಲೇ ಸಮಾಧಾನ ಮಾಡಿಸಿಕೊಂಡ. ಮೇಷ್ಟ್ರಿಗೆ ಪೆನ್ನು ಕಿತ್ತೆಸೆದು ಎದ್ದುಹೋಗೋಣ ಎನ್ನಿಸಿತ್ತು.

ಕೊನೆಗೆ ಬಂದವನು ಮೀಸೆ ವಾರ್ಡರ್. ಮೀಸೆಗೇ ಹೆಸರಾದವನು. ಪಾಸಾದರೆ ಕಾವಲುಗೋಪುರದ ಡ್ಯೂಟಿ ತಪ್ಪಿ ಆಪ್ತಸಲಹೆಯ ವಿಭಾಗಕ್ಕೆ ಹೋಗುವ ಆಸೆ ಅವನಿಗೆ. ಬಂದು ಕೂತ. ಮಾವ ಎಂದಿನ ಹಾಗೆ ಅಳಿಯಂದ್ರೆ ಎನ್ನಲಿಲ್ಲ.

"ಹೇಗಿದೀರಿ?" ಎಂದ ಮೀಸೆ ವಾರ್ಡರ್.

"ಭಯ ಆಗ್ತಿದೆ."

"ಭಯ ಆಗ್ತಿದೆ ನಿಮಗೆ."

ಇದಕ್ಕೆ ಮೇಷ್ಟ್ರು ಇಟ್ಟ ಹೆಸರು ಕನ್ನಡಿ ಮಾತು. ಎದುರಿನವನು ಅಂದದ್ದನ್ನೇ ಅವನಿಗೆ ತಿರುಗಿಸಿ ತೋರಿಸುವುದು. ಮೇಷ್ಟ್ರು ನೆಟ್ಟಗೆ ಕೂತರು.

"ಹೊರಗೆ ಕಳಿಸ್ತಾರೆ. ಮಗಳ ಮನೆಗೆ. ಹೋದ್ರೆ ಕುಡೀತೀನಿ. ಇವತ್ತಲ್ಲ ನಾಳೆ ಅಂತಲ್ಲ, ಹೋಗಿ ಒಂದು ವಾರದೊಳಗೇ ಕುಡೀತೀನಿ. ನಂಗೆ ಗೊತ್ತು."

"ಹೋದ್ರೆ ಕುಡೀಬಹುದು ಅಂತ ನಿಮಗೆ ಅನ್ನಿಸ್ತಿದೆ."

"ಅನ್ನಿಸೋದಲ್ಲ ಸ್ವಾಮಿ, ಕುಡೀತೀನಿ. ಇಲ್ಲಿ ಗೋಡೆ ಇದೆ, ಗಂಟೆ ಇದೆ, ಏಳು ಅಂದ್ರೆ ಏಳೋದು, ಮಲಗು ಅಂದ್ರೆ ಮಲಗೋದು. ಅಲ್ಲಿ ಮಗಳ ಮನೆ ಮಹಡಿ ಮೇಲೆ ಒಂದು ರೂಮು. ಅವಳು ಗಂಡನ ಮನೆಯವರ ಮುಂದೆ, ನಮ್ಮಪ್ಪ ಈಗ ಆಫೀಸರುಗಳಿಗೇ ಪಾಠ ಕಲಿಸ್ತಾರೆ ಅಂತ ಹೇಳ್ಕೊಂಡಿದಾಳೆ. ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ? ಬೇರೆ ಎಲ್ಲಾದ್ರೂ ಕಳಿಸಿ ಅಂತ ಯಾರನ್ನಾದ್ರೂ ಕೇಳ್ಬೇಕು. ಯಾರನ್ನ ಕೇಳ್ಲಿ?"

ಮೀಸೆ ವಾರ್ಡರ್ ಅವಸರ ಮಾಡಲಿಲ್ಲ. ಹೇಳಿಕೊಟ್ಟ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರನ್ನ ಕೇಳಿದ್ರೆ ಸರಿ ಅಂತ ನಿಮಗೇ ಅನ್ನಿಸುತ್ತೆ?" ಎಂದ.

ಮಾವ ಅವನ ಹೆಗಲ ಮೇಲಿಂದ ಮೂಲೆಯಲ್ಲಿದ್ದ ಮೇಷ್ಟ್ರನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

ಕೊನೆಯವನಿಗೆಂದು ಡಾಕ್ಟರಮ್ಮ ಬೇರೆ ಪಾತ್ರ ಕೊಟ್ಟಿರಬೇಕು ಎಂದು ಮೇಷ್ಟ್ರಿಗೆ ರೋಮಾಂಚನವಾಯಿತು. ಮಾವ ತನ್ನ ಬಿಡುಗಡೆಯನ್ನೇ ಬಂಡವಾಳ ಮಾಡಿಕೊಂಡು ಎಂಥ ಪಾತ್ರ ಕಟ್ಟಿದ್ದಾನೆ, ಭಲೆ ಎಂದುಕೊಂಡರು. ಮೀಸೆ ವಾರ್ಡರನಂತೂ ಒಂದೇ ಒಂದು ಬುದ್ಧಿಮಾತು ಹೇಳಿರಲಿಲ್ಲ. ಇಷ್ಟು ವರ್ಷ ಕಲ್ಲಿಗೆ ನೀರೆರೆದದ್ದು ಒಬ್ಬನಲ್ಲಾದರೂ ಚಿಗುರಿತಲ್ಲ ಎಂದು ಅವರ ಕಣ್ಣೂ ಒದ್ದೆಯಾಯಿತು. ತಂಡದಲ್ಲೇ ಹೆಚ್ಚಿನ ಅಂಕ ಅವನಿಗೆ ಹಾಕಿದರು.

ಹೊರಗೆ ನಲ್ಲಿಯ ಹತ್ತಿರ ಮಾವ ಮುಖ ತೊಳೆದುಕೊಳ್ಳುತ್ತಿದ್ದ. ಮೇಷ್ಟ್ರು ಹತ್ತಿರ ಹೋದರು. ಪರೀಕ್ಷೆ ಮುಗಿದ ಮೇಲೆ ಅವನ ನಟನೆಯ ಬಗ್ಗೆಯೂ ನಾಲ್ಕು ಮಾತು ಹೇಳುವುದು ಅವರ ರೂಢಿ.

"ಅದ್ಭುತ ಮಾವ. ಆದ್ರೆ ಒಂದು ಮಾತು. ಆ ಅಳು ಸ್ವಲ್ಪ ಜಾಸ್ತಿ ಆಯ್ತು. ಹೊಸಬರು ಹೆದರಿಬಿಡ್ತಾರೆ. ಗಂಟಲು ಕಟ್ಟಿದ ಹಾಗೆ ಮಾಡಿ ನಿಲ್ಲಿಸಿದ್ರೆ ಸಾಕಿತ್ತು."

ಮಾವ ಬಗ್ಗಿದ್ದವನು ಹಾಗೇ ತಲೆ ಎತ್ತಿದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಏನೋ ಹೇಳಹೊರಟವನು ನಲ್ಲಿ ತಿರುಗಿಸಿ ಬಂದ್ ಮಾಡಿದ.

"ಹೌದಾ ಸರ್," ಎಂದ. "ಸರಿ ಸರ್."

ಮಾರನೆಯ ದಿನ ಅಂಕಗಳನ್ನು ಕೂಡಿಸುತ್ತ ಕೂತಿದ್ದಾಗ ಮೇಷ್ಟ್ರು ಡಾಕ್ಟರಮ್ಮನಿಗೆ, ಹೆದರಿದ ಕೈದಿಯ ಪಾತ್ರ ಕೊಟ್ಟದ್ದು ಬಲು ಚೆನ್ನಾಗಿತ್ತು ಎಂದರು. ಡಾಕ್ಟರಮ್ಮ ಕನ್ನಡಕ ತೆಗೆದಳು.

"ಹೆದರಿದ ಕೈದಿ? ನಾನು ಜಂಬದ ಕೈದಿ ಅಂತ ಹೇಳಿದ್ದು. ನಂಗೇನೂ ಆಗಲ್ಲ, ನಾನಿನ್ನು ಅದನ್ನ ಮೂಸೂ ನೋಡಲ್ಲ ಅನ್ನೋನು. ಬೆಳಗ್ಗೆಯಿಂದ ಎಲ್ಲರಿಗೂ ಅದೇ ಪಾತ್ರ."

ಮೇಷ್ಟ್ರಿಗೆ ಬೆಳಗ್ಗಿನವರು ನೆನಪಾದರು. ಹೌದು, ಅವರೆಲ್ಲರ ಮುಂದೆ ಮಾವ ಜಂಬ ಕೊಚ್ಚಿದ್ದ. ಕೊನೆಯವನ ಮುಂದೆ ಮಾತ್ರ ಬದಲಾಗಿದ್ದ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿದ ಪಾತ್ರ ಬಿಟ್ಟು ಆಚೆ ಈಚೆ ಹೋದವನಲ್ಲ ಅವನು. ನಲ್ಲಿಯ ಹತ್ತಿರ ತಾವು ಆಡಿದ ಮಾತು ನೆನಪಾಗಿ ಮೇಷ್ಟ್ರಿಗೆ ಮೈಯೆಲ್ಲ ನಾಚಿಕೆಯಾಯಿತು. ಒಬ್ಬ ಮನುಷ್ಯ ಕೈಹಿಡಿದು ಕೇಳಿದಂತೆ ಕೇಳಿದ್ದ. ತಾವು ಅವನ ಅಳುವಿಗೆ ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು ಎಂದು ಹೇಳಿ ಬಂದಿದ್ದರು.

ಎದ್ದವರೇ ಒಂದು ಫೋನ್ ಮಾಡಿ, ಒಳಗೆ ಹೋದರು. ಮಾವ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಸೋರುವ ಪೈಪಿಗೆ ದಾರ ಸುತ್ತುತ್ತಿದ್ದ.

"ಮಾವ, ನೇರವಾಗಿ ಕೇಳ್ತೀನಿ. ನಿನ್ನೆ ಹೇಳಿದ್ದು ನಿಜಾನಾ?"

"ಏನು ಸರ್?"

"ಹೊರಗೆ ಹೋದ್ರೆ ಕುಡೀತೀನಿ ಅಂದಿದ್ದು."

ಮಾವ ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಪಾಠ ಒಪ್ಪಿಸುವ ಹುಡುಗನಂತೆ ನಿಂತ. "ಅದು ಪಾತ್ರ ಸರ್. ನಂಗೆ ನನ್ನ ಅಪಾಯದ ಸಂದರ್ಭಗಳು ಗೊತ್ತು. ಸಂಜೆ ಹೊತ್ತು, ಒಂಟಿತನ, ಹಳೇ ಸ್ನೇಹಿತರು. ಆಸೆ ಬಂದಾಗ ಅದನ್ನ ಅಲೆ ಬಂದ ಹಾಗೆ ನೋಡ್ತಾ ಇರ್ಬೇಕು, ಇಳಿದುಹೋಗುತ್ತೆ. ಮುನ್ಸೂಚನೆ ಕಂಡ್ರೆ ಒಬ್ಬರಿಗೆ ಫೋನ್ ಮಾಡ್ಬೇಕು. ಮಾಡ್ತೀನಿ."

ಒಂದಕ್ಷರ ತಪ್ಪಿಲ್ಲ. ಎಲ್ಲ ಮೇಷ್ಟ್ರೇ ಹೇಳಿಕೊಟ್ಟದ್ದು. ಅವರು ಬೇರೆ ದಾರಿಯಿಂದ ಕೇಳಿದರು, ಸುಮ್ಮನಿದ್ದು ನೋಡಿದರು, ಕನ್ನಡಿ ಮಾತು ಆಡಿದರು. ಎಲ್ಲಿ ಹಿಡಿದರೂ ಮಾವ ಜಾರಿಕೊಂಡ. ಅಷ್ಟೂ ತಂಡಗಳ ಅಷ್ಟೂ ಜನ ಪ್ರಯೋಗ ಮಾಡಿದ್ದು ಅವನ ಮೇಲೆಯೇ. ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಬರುತ್ತದೆ ಎಂಬುದು ಮೇಷ್ಟ್ರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಗುರುವಿಗೇ ತಿರುಮಂತ್ರ. ನಿಜವೋ ಸುಳ್ಳೋ ತಿಳಿಯುವ ಒಂದು ಉಪಾಯವನ್ನೂ ಮೇಷ್ಟ್ರು ತಮಗೆಂದು ಬಚ್ಚಿಟ್ಟುಕೊಂಡಿರಲಿಲ್ಲ.

"ಆರೈಕೆ ಮನೆಗೆ ಹೋಗಿ ಮಾವ. ಒಂದಷ್ಟು ತಿಂಗಳು ಅಲ್ಲಿರಿ. ಆಮೇಲೆ ಮಗಳ ಮನೆಗೆ ಹೋಗೋರಂತೆ."

ಆರೈಕೆ ಮನೆ ಎಂದರೆ ಬಿಡುಗಡೆಯಾದವರು ಮನೆಗೆ ಹೋಗುವ ಮುಂಚೆ ಕಾವಲಿನಲ್ಲಿ ಇದ್ದು, ಹೊರಗಿನ ಗಾಳಿಗೆ ಮೈ ಹೊಂದಿಸಿಕೊಳ್ಳುವ ಜಾಗ. ಅಲ್ಲಿ ಹಾಸಿಗೆ ಖಾಲಿ ಇತ್ತು. ಮೇಷ್ಟ್ರು ಆಗಲೇ ಫೋನ್ ಮಾಡಿ ವಿಚಾರಿಸಿದ್ದರು.

"ಮಗಳು ರೂಮಿಗೆ ಬಣ್ಣ ಹೊಡೆಸಿದಾಳೆ ಸರ್," ಎಂದ ಮಾವ. ಮತ್ತೆ ಬಗ್ಗಿ ಪೈಪಿಗೆ ದಾರ ಸುತ್ತತೊಡಗಿದ.

ಮೇಷ್ಟ್ರು ಸಾಹೇಬರ ಕೋಣೆಗೆ ಹೋದರು. ಡಾಕ್ಟರಮ್ಮನೂ ಬಂದಳು. ಮಾವನನ್ನು ಆರೈಕೆ ಮನೆಗೆ ಕಳಿಸಬೇಕು ಎಂದು ಮೇಷ್ಟ್ರು ಹೇಳಿದಾಗ ಸಾಹೇಬರಿಗೆ ಆಶ್ಚರ್ಯವಾಯಿತು. "ಅವನನ್ನೇ? ನಮ್ಮಲ್ಲಿ ಸುಧಾರಿಸಿದೋರು ಯಾರು ಅಂತ ಮೇಲಿನವರು ಕೇಳಿದ್ರೆ ನಾನು ಅವನನ್ನೇ ತೋರಿಸ್ತೀನಿ. ಕುಡೀತಾನೆ ಅಂತ ನಿಮಗೆ ಯಾರು ಹೇಳಿದ್ದು?"

"ಅವರೇ ಹೇಳಿದ್ರು."

"ಎಲ್ಲಿ ಹೇಳಿದ?"

"ಕುರ್ಚಿಯಲ್ಲಿ."

ಸಾಹೇಬರು ಕೆಟ್ಟವರಲ್ಲ. ನಗು ಬಂದರೂ ತಡೆದುಕೊಂಡರು. "ಮೇಷ್ಟ್ರೇ, ಆ ಕಾನೂನು ಮಾಡಿಸಿದ್ದು ನೀವು. ಇದೇ ಟೇಬಲ್ ಗುದ್ದಿ ಮಾಡಿಸಿದ್ರಿ. ಅವನು ತಾನಾಗಿ ಬಂದು ಕೇಳಲಿ, ಈಗಲೇ ಕಳಿಸ್ತೀನಿ. ನಂದೇನು ಗಂಟು ಹೋಗುತ್ತೆ?"

ಹೊರಗೆ ಬಂದ ಮೇಲೆ ಡಾಕ್ಟರಮ್ಮನೂ ಅದನ್ನೇ ಹೇಳಿದಳು. "ಒಬ್ಬರಿಗೋಸ್ಕರ ಮುರಿದ್ರೆ ನಾಳೆಯಿಂದ ಆ ಕುರ್ಚೀಲಿ ಯಾರೂ ಬಾಯಿ ಬಿಡಲ್ಲ. ಮಾವನೂ ಅಲ್ಲಿ ಬಾಯಿ ಬಿಟ್ಟಿದ್ದು ಅದು ಎಲ್ಲೂ ಹೋಗಲ್ಲ ಅನ್ನೋ ಧೈರ್ಯಕ್ಕೇ ಅಲ್ವಾ?"

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೇಷ್ಟ್ರಿಗೆ ಸಂಕಟವಾದದ್ದೇ ಅದಕ್ಕೆ. ಯಾರೂ ತಪ್ಪು ಹೇಳುತ್ತಿರಲಿಲ್ಲ. ಸಾಹೇಬರು ಸರಿ, ಡಾಕ್ಟರಮ್ಮ ಸರಿ, ಮೀಸೆ ವಾರ್ಡರನೂ ಸರಿ. ಎಲ್ಲರೂ ಸರಿಯಾಗಿದ್ದುಕೊಂಡೇ ಒಬ್ಬ ಮನುಷ್ಯನನ್ನು ನೀರಿಗೆ ದೂಡುತ್ತಿದ್ದೇವೆ ಎನ್ನಿಸಿ, ಯಾರ ಮೇಲೆ ರೇಗಬೇಕೋ ತಿಳಿಯದೆ, ದಾರಿಯಲ್ಲಿ ಸಿಕ್ಕ ಪ್ರೊಜೆಕ್ಟರ್ ರಿಪೇರಿಯವನ ಮೇಲೆ ರೇಗಿದರು. ಪಾಪ, ಅವನು ಕೊನೆಗೂ ಇವತ್ತು ಬಂದಿದ್ದ.

ಮನೆಯಲ್ಲಿ ಹೆಂಡತಿ ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ ಎಂದಳು.

"ಗ್ಯಾಸ್ಕೆಟ್ ಹೋಗಿದೆ ಅಂತ ನಿನಗೆ ಅನ್ನಿಸ್ತಿದೆ," ಎಂದರು ಮೇಷ್ಟ್ರು, ತಲೆ ಎಲ್ಲೋ ಇಟ್ಟುಕೊಂಡು.

"ಅನ್ನಿಸ್ತಿಲ್ಲ ರೀ, ಹೋಗಿದೆ. ನಿಮ್ಮ ಈ ಮಾತಿಗೆ ನಾನೂ ಒಂದಿನ ಜೈಲಿಗೆ ಹೋಗ್ತೀನಿ ನೋಡಿ." ಆಮೇಲೆ ಅವರ ಮುಖ ನೋಡಿ ಪಕ್ಕದಲ್ಲಿ ಕೂತಳು. ಆಕೆಗೆ ಮಾವನ ವಿಷಯ ಗೊತ್ತಿತ್ತು; ಅವನೆಂಥ ನಟ ಎಂದು ಮೇಷ್ಟ್ರು ಎಷ್ಟೋ ಸಲ ಹೊಗಳಿದ್ದರು. ಕುರ್ಚಿಯ ಮಾತು ಹೊರಗೆ ಹೇಳಬಾರದೆಂಬ ನಿಯಮವನ್ನು ಸಾಹೇಬರ ಮುಂದೆ ಆಗಲೇ ಮುರಿದಿದ್ದ ಮೇಷ್ಟ್ರು ಅಡುಗೆಮನೆಯಲ್ಲಿ ಇನ್ನೊಮ್ಮೆ ಮುರಿದರು. ಆಕೆ ಪೂರ್ತಿ ಕೇಳಿದಳು.

"ಅವರದ್ದು ಬಿಡಿ," ಎಂದಳು. "ಆ ಹುಡುಗಿ ಗತಿ ಏನು? ಅತ್ತೆ ಮನೇಲಿ ಅಪ್ಪನ ಪರವಾಗಿ ನಿಂತಿದಾಳೆ. ಅವರು ಕುಡಿದು ಬಂದ ದಿನ ಅವಳು ಎಲ್ಲಿಗೆ ಹೋಗ್ಬೇಕು? ಅವಳಿಗೆ ಯಾರಾದ್ರೂ ಹೇಳಿದೀರಾ?"

ಗುರುವಾರ ಮಧ್ಯಾಹ್ನ ಹಾಲ್ ಖಾಲಿ ಇತ್ತು. ಮೇಷ್ಟ್ರು ಮಾವನನ್ನು ಕರೆಸಿದರು. ಕಬ್ಬಿಣದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಎಂದರು.

"ಇವತ್ತು ಯಾವ ಪಾತ್ರ ಸರ್?"

"ಯಾವುದೂ ಇಲ್ಲ. ಕೂತ್ಕೊಳ್ಳಿ."

ಮಾವ ಕೂತ. ಎದುರಿಗೆ ಮೇಷ್ಟ್ರು ಕೂತರು. ಮೇಷ್ಟ್ರು ಸುಮ್ಮನಿದ್ದದ್ದು ಉಪಾಯದಿಂದಲ್ಲ, ಏನು ಕೇಳಬೇಕೋ ತೋಚಿರಲಿಲ್ಲ. ಮಾವ ಕುರ್ಚಿಯ ಕೈಯನ್ನು ಸವರುತ್ತ ತಾನಾಗಿಯೇ ಶುರು ಮಾಡಿದ.

"ಮೊದಲು ಎರಡು ದಿನ ಚೆನ್ನಾಗಿರ್ತೀನಿ ಸರ್. ಮನೇಲಿ ಸೋರೋ ನಲ್ಲಿ ಎಲ್ಲ ಸರಿ ಮಾಡ್ತೀನಿ. ಅವಳ ಅತ್ತೆ, ಪರವಾಗಿಲ್ಲ ಮನುಷ್ಯ ಅಂತಾಳೆ. ಆಮೇಲೆ ಸಂಜೆ ಒಂದು ವಾಷರ್ ತರ್ತೀನಿ ಅಂತ ಹೊರಗೆ ಹೋಗ್ತೀನಿ. ಅಷ್ಟೇ. ನಂಗೆ ಆ ಬೀದಿ, ಆ ಅಂಗಡಿ, ನಾನು ಒಳಗೆ ಹೋಗೋದು, ಎಲ್ಲ ಕಾಣಿಸುತ್ತೆ. ನಾನಿಲ್ಲಿ ಮುಟ್ಟಿಲ್ಲ ನಿಜ, ಆದ್ರೆ ಬಿಟ್ಟೂ ಇಲ್ಲ ಸರ್. ಇಲ್ಲಿ ಪಾಠ ಕಲಿತೆ, ಅಷ್ಟೇ. ಬಿಟ್ಟವನ ಪಾತ್ರಾನೂ ಒಂದು ಪಾತ್ರ."

"ಹಾಗಿದ್ರೆ ಸಾಹೇಬರ ಹತ್ರ ಬಂದು ಹೇಳಿ. ಒಂದೇ ಮಾತು. ಆರೈಕೆ ಮನೆಗೆ ಹೋಗ್ತೀನಿ ಅನ್ನಿ."

"ಮಗಳಿಗೆ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಗೊತ್ತಾದ್ರೆ ಏನಾಗುತ್ತೆ?"

"ಇಷ್ಟು ವರ್ಷ ಅವಳು ಪ್ರತಿ ಭೇಟಿಗೂ ಬಂದಿದಾಳೆ ಸರ್. ಪ್ರತಿ ಸಲ ನಾನು, ಬಿಟ್ಟಿದೀನಿ ಕಣಮ್ಮ ಅಂದಿದೀನಿ."

ಮೇಷ್ಟ್ರ ತಾಳ್ಮೆ ಹರಿಯಿತು. ಕೈದಿಗಳನ್ನು ಬಹುವಚನದಲ್ಲಿ ಮಾತಾಡಿಸಿ ಎಂದು ಊರಿಗೆಲ್ಲ ಕಲಿಸಿದವರು ಎದ್ದು ನಿಂತು ಕೂಗಿದರು. "ಅಲ್ಲ ಕಣಯ್ಯ, ನಿಂಗೆ ತಲೆ ಇದೆಯಾ? ನಾಳೆ ಅವಳ ಮನೆ ಹಾಳಾಗೋದಕ್ಕಿಂತ ಇವತ್ತು ಒಂದು ಸುಳ್ಳು ಬಯಲಾಗೋದು ದೊಡ್ಡದಾ? ನಿನ್ನ ಮಗಳ ಮುಖ ನೋಡಿಯಾದ್ರೂ ಒಂದು ಮಾತು ಹೇಳಬಾರ್ದಾ?"

ತಾವೇನು ಹೇಳಿದೆವೆಂದು ಅವರಿಗೆ ಹೇಳಿದ ಮೇಲೆ ಗೊತ್ತಾಯಿತು. ಮಾವ ಬೇಸರಪಡಲಿಲ್ಲ. ಅವರನ್ನು ಕನಿಕರದಿಂದ ನೋಡಿದ. ಹೊಸ ವಾರ್ಡರುಗಳನ್ನು ನೋಡುತ್ತಿದ್ದದ್ದೂ ಹಾಗೆಯೇ.

"ಇಲ್ಲಿ ಹೇಳಿದ್ದು ಇಲ್ಲೇ ಇರ್ಬೇಕು ಸರ್. ನೀವೇ ಹೇಳಿದ್ದು," ಎಂದು ಎದ್ದ. ಎದ್ದ ಮೇಲೆ ಅವನ ಬೆನ್ನು ನೆಟ್ಟಗಾಯಿತು, ಮುಖ ಗೆಲುವಾಯಿತು. "ನಾನು ಚೆನ್ನಾಗಿದೀನಿ ಸರ್. ನೀವು ತಲೆ ಕೆಡಿಸ್ಕೋಬೇಡಿ."

ಶುಕ್ರವಾರ ಬೆಳಗ್ಗೆ ಮೇಷ್ಟ್ರು ಹಾಲಿಗೆ ಹೋಗದೆ ನೇರವಾಗಿ ಜೈಲಿನ ದೊಡ್ಡ ಬಾಗಿಲಿಗೆ ಹೋಗಿ ನಿಂತರು. ಬೀದಿಯ ಆಚೆ ಬದಿ ಒಂದು ಬಾಡಿಗೆ ಕಾರು ನಿಂತಿತ್ತು. ಮಗಳು ಆಗಲೇ ಬಂದಿದ್ದಳು. ಯಾವುದೋ ಟಿಕೆಟ್ ಕೌಂಟರಿನಲ್ಲಿ ಕೆಲಸ. ಬೆಳಗ್ಗೆಗೆ ಮಾತ್ರ ರಜೆ ಹಾಕಿದ್ದರಿಂದ ಕೊರಳಲ್ಲಿ ಗುರುತಿನ ಚೀಟಿ ಆಗಲೇ ಇತ್ತು. ಮೇಷ್ಟ್ರ ಗುರುತು ಹಿಡಿದು ಹತ್ತಿರ ಬಂದು, ಅಪ್ಪ ನಿಮ್ಮ ಬಗ್ಗೆ ಹೇಳದ ದಿನವಿಲ್ಲ ಎಂದಳು. ಅತ್ತೆ ಮೊದಲು ಬೇಡವೇ ಬೇಡ ಅಂದಿದ್ದರಂತೆ. ಅಪ್ಪ ಕುಡಿದು ಏನಾದ್ರೂ ಹೆಚ್ಚು ಕಮ್ಮಿ ಮಾಡಿದ್ರೆ ನಾನೇ ಅವರನ್ನ ಕರ್ಕೊಂಡು ಮನೆ ಬಿಟ್ಟು ಹೋಗ್ತೀನಿ ಎಂದು ಮಾತು ಕೊಟ್ಟ ಮೇಲೆ ಒಪ್ಪಿದ್ದರಂತೆ. ಅದನ್ನು ಅವಳು ನಗುನಗುತ್ತ ಹೇಳಿದಳು. ಅಂಥ ದಿನ ಬರುವುದಿಲ್ಲವೆಂದು ಅವಳಿಗೆ ಅಷ್ಟು ನಂಬಿಕೆ.

ಸಣ್ಣ ಬಾಗಿಲು ತೆರೆಯಿತು. ಮಾವ ಒಂದು ಕೈಚೀಲ ಹಿಡಿದು ಹೊರಗೆ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಮಗಳು ಅವನ ಕೈಹಿಡಿದುಕೊಂಡಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಸರ್, ಒಂದು ಮಾತು ಕೇಳ್ಲಾ? ಅಪ್ಪ ಇನ್ನು ಕುಡಿಯಲ್ಲ ಅಲ್ವಾ?"

ಇದಕ್ಕೆ ಹೇಳಬೇಕಾದ ಮಾತುಗಳು ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇದ್ದವು. ಆ ಪ್ರಶ್ನೆ ನಿಮ್ಮನ್ನ ಕಾಡ್ತಿದೆ. ಅವರನ್ನೇ ಕೇಳಿದ್ರೆ ಹೇಗೆ? ಎಷ್ಟೋ ಸಾವಿರ ಸಲ ಹೇಳಿಕೊಟ್ಟ ಮಾತುಗಳು. ಅವರು ಅವನ್ನೆಲ್ಲ ನುಂಗಿದರು.

"ಕುಡೀತಾರಮ್ಮ," ಎಂದರು. "ಮನೆಗೆ ಕರ್ಕೊಂಡು ಹೋಗ್ಬೇಡ. ಆರೈಕೆ ಮನೆ ಅಂತ ಇದೆ, ಅಲ್ಲಿ ಜಾಗ ಇದೆ. ಈ ಕಾರಲ್ಲೇ ಹೋಗೋಣ, ನಾನೂ ಬರ್ತೀನಿ. ನಾನು ಊಹೆ ಮಾಡಿ ಹೇಳ್ತಿಲ್ಲ. ಅವರೇ ನನಗೆ ಹೇಳಿದಾರೆ."

ಕಾನೂನು ಮುರಿದದ್ದಾಯಿತು. ಆದರೆ ಎರಡು ದಿನದ ಮೇಲೆ ಮೇಷ್ಟ್ರಿಗೆ ಎದೆ ಹಗುರಾದಂತಾಯಿತು. ಮಗಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅವಳು ನಿಧಾನವಾಗಿ ಅಪ್ಪನ ಕಡೆ ನೋಡಿದಳು. ಮಾವನ ಕೈಚೀಲ ನೆಲಕ್ಕೆ ತಾಗುವಷ್ಟು ಕೆಳಗೆ ಇಳಿದಿತ್ತು. ಅವನ ತುಟಿ ಅಲುಗಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಮೇಷ್ಟ್ರು ಉಸಿರು ಬಿಗಿಹಿಡಿದು ಕಾದರು.

ಮಾವ ಮಗಳ ಮುಖ ನೋಡಿದ. ನೋಡಿ, ದೊಡ್ಡದಾಗಿ ನಕ್ಕುಬಿಟ್ಟ.

"ಹೆದರಿಬಿಟ್ಯಾ? ಇದೂ ತರಬೇತೀನೇ ಕಣಮ್ಮ. ಕೊನೇ ದಿನ ಮನೆಯವರನ್ನ ಹೀಗೆ ಬೆದರಿಸಿ ನೋಡ್ತಾರೆ, ಹೇಗೆ ತಗೋತಾರೆ ಅಂತ. ಸರ್ ಇದನ್ನ ಬಲು ಚೆನ್ನಾಗಿ ಮಾಡ್ತಾರೆ."

"ಇಲ್ಲಮ್ಮ, ಇದು ತರಬೇತಿ ಅಲ್ಲ," ಎಂದರು ಮೇಷ್ಟ್ರು. "ನಿಜ ಹೇಳ್ತಿದೀನಿ. ದಯವಿಟ್ಟು ನನ್ನ ಮಾತು ಕೇಳು."

"ನೋಡಿದ್ಯಾ, ಹೀಗೇ ಅಂತಾರೆ," ಎಂದ ಮಾವ.

ಅವಳ ಮುಖಕ್ಕೆ ಮತ್ತೆ ರಕ್ತ ಬಂತು. ಕಣ್ಣೊರೆಸಿಕೊಂಡು, ನಗಬೇಕೋ ಬೇಡವೋ ಎಂಬಂತೆ ಒಂದು ಕ್ಷಣ ಇಬ್ಬರನ್ನೂ ನೋಡಿದಳು. ಆಮೇಲೆ ಅಪ್ಪನ ಕೈಯಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಮೇಷ್ಟ್ರ ಮುಂದೆ ನೆಟ್ಟಗೆ ನಿಂತು, ಭೇಟಿಯ ದಿನಗಳಲ್ಲಿ ಅಪ್ಪ ಕಲಿಸಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದಳು.

"ಕುಡಿದ್ರೂ ನಮ್ಮಪ್ಪಾನೇ ಸರ್. ಬೈಯಲ್ಲ. ಬುದ್ಧಿ ಹೇಳಲ್ಲ. ಹತ್ರ ಕೂತು ಅವರು ಏನು ಹೇಳ್ತಾರೋ ಅದನ್ನ ಕೇಳ್ತೀನಿ."

ಕಾರಿನವನು ಆಚೆಯಿಂದ ಹಾರ್ನ್ ಹೊಡೆದ. ಮಾವ ತಲೆ ತಗ್ಗಿಸಿಕೊಂಡು ಆ ಕಡೆ ಹೊರಟ. ಅವಳು ಎರಡು ಹೆಜ್ಜೆ ಅವನ ಹಿಂದೆ ಹೋಗಿ, ಏನೋ ನೆನಪಾದವಳಂತೆ ತಿರುಗಿ ನಿಂತಳು.

"ನಾನು ಪಾಸಾದೆನಾ ಸರ್?" ಎಂದು ಕೇಳಿದಳು.